ಗೇಣುದ್ದದ ಮುದುಕರು

ಮಾರ್ಚ್ 3, ಸೋಮವಾರ

ಇವತ್ತು ನಲವತ್ತು ಮೀನು. ತಲೆ ಸೀಳು, ಕಿವಿಯೊಳಗಿನ ಕಲ್ಲು ತೆಗೆ, ಉಜ್ಜು, ಮೈಕ್ರೋಸ್ಕೋಪಿನಡಿ ಇಡು, ಸುತ್ತು ಎಣಿಸು. ವರ್ಷಕ್ಕೊಂದು ಸುತ್ತು. ಹೊಳೆಯವು ಮುಗಿದವು — ಮೊಳದುದ್ದ, ಮೂರೇ ವರ್ಷ. ನಾಳೆಯಿಂದ ಕೆರೆಯವು. ಅದೇ ಜಾತಿ, ಗೇಣುದ್ದವೂ ಇಲ್ಲ. ಪಾಪ, ಮರಿಗಳು.

ಅಕ್ಕನ ಫೋನು. "ಏನೇ, ನಿನ್ನ ಮರಿಗಳು ದೊಡ್ಡವಾದ್ವಾ ಇಲ್ವಾ?"

ಮೀನು ಬೆಳೆಯಲಿ ಎಂದು ನಮ್ಮ ಮೀನುಗಾರಿಕೆ ಇಲಾಖೆ ಕೆರೆಯಲ್ಲಿ ಬಲೆ ನಿಲ್ಲಿಸಿ ಎರಡು ವರ್ಷ. ಅಕ್ಕನ ಮನೆಯ ದೋಣಿ ಬೋರಲು ಬಿದ್ದಿದೆ. ಭಾವ ಗೋಡೌನಿನಲ್ಲಿ ಮೂಟೆ ಹೊರುತ್ತಾರೆ. ಅಂದು ಬರೀ ಉದ್ದ ಅಳೆದು "ಎಲ್ಲವೂ ಮರಿಗಳು" ಎಂದು ಬರೆದುಕೊಟ್ಟವಳು ನಾನೇ.

ಮಾರ್ಚ್ 4

ಕೆರೆಯ ಮೊದಲ ಮೀನು. ಒಂಬತ್ತು ಸುತ್ತು! ಗಾಜು ಒರೆಸಿದೆ. ಮತ್ತೆ ಒಂಬತ್ತು. ಎರಡನೆಯದು ಹನ್ನೊಂದು. ಮೂರನೆಯದು ಹನ್ನೆರಡು... ಮರಿಗಳಲ್ಲ, ಅಜ್ಜಂದಿರು! ಬಾಯಿ ಹೆಚ್ಚು, ಮೇವು ಸಾಲದು, ಬೆಳವಣಿಗೆಯೇ ನಿಂತಿದೆ. ಕಾದಷ್ಟೂ ಮುದಿಯಾಗುತ್ತವೆ, ಅಷ್ಟೆ. ಒಂದಿಷ್ಟು ಹಿಡಿದರೆ ಉಳಿದವು ಮೈತುಂಬಿಕೊಂಡಾವು.

ಕುಣಿಯೋಣ ಎಂದು ಎದ್ದೆ. ಮತ್ತೆ ಕೂತೆ. ಅಕ್ಕನ ಮೇಲಿನ ಮಮತೆಗೆ ಇಲ್ಲದ ಸುತ್ತನ್ನೂ ಎಣಿಸುತ್ತಿದ್ದರೆ?

ಮಾರ್ಚ್ 5, ಬೆಳಿಗ್ಗೆ

ಇನ್ನೊಬ್ಬರೂ ಎಣಿಸಬೇಕು, ಮೀನಿನ ಅಳತೆ ಅವರಿಗೆ ಗೊತ್ತಿರಬಾರದು — ಇದು ನಿಯಮ. ಆ ಇನ್ನೊಬ್ಬರು ನಮ್ಮ 'ಅನುಮಾನ' ಸರ್. ಕನ್ನಡಿ ನೋಡಿಕೊಂಡರೂ "ಇದು ನಾನೇನಾ?" ಅನ್ನುವ ಆಸಾಮಿ.

"ಎಷ್ಟು ದಿನ ಬೇಕು ಸರ್?"

"ಅವಸರ ಇದ್ರೆ ನೀವೇ ಎಣಿಸ್ಕೊಳ್ಳಿ ಮೇಡಂ."

ಬಾಯಿಗೆ ಬೀಗ ಹಾಕಿಕೊಂಡೆ. ಅಕ್ಕನಿಗೂ ಹೇಳಲಿಲ್ಲ. ಎಂಥ ಕಷ್ಟ!

ಮಾರ್ಚ್ 12

ಸರ್ ಚೀಟಿ ತಂದರು. ನನ್ನದರ ಪಕ್ಕ ಇಟ್ಟೆವು. ಒಂಬತ್ತು — ಒಂಬತ್ತು. ಹನ್ನೊಂದು — ಹನ್ನೊಂದು. ಕೆರೆಯ ನಲವತ್ತರಲ್ಲಿ ಮೂವತ್ತೆಂಟು ಒಂದೇ!

"ಭಾರಿ ಮೀನುಗಳೇ ಇರ್ಬೇಕು. ಎರಡು ಕೆಜಿ?"

ಒಂದನ್ನು ಅವರ ಅಂಗೈ ಮೇಲಿಟ್ಟೆ. ಬಾಲ ಬೆರಳ ತುದಿ ದಾಟಲಿಲ್ಲ. ಸರ್ ಕನ್ನಡಕ ತೆಗೆದರು. "ಅಯ್ಯೋ! ವಯಸ್ಸಲ್ಲಿ ಇದು ನನ್ನ ಮಗಳಿಗಿಂತ ದೊಡ್ಡದಾ?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಕಚೇರಿಗೆ ಬಂದಾಗಿನಿಂದ ಅವರು ನಕ್ಕದ್ದು ಕಂಡದ್ದೇ ಇರಲಿಲ್ಲ.

ಸಂಜೆ ವರದಿ ಬರೆದೆ. ಮೊದಲ ಸಾಲು: ಎರಡು ವರ್ಷದ ಹಿಂದಿನ ತಪ್ಪು ನನ್ನದು. ನಾಚಿಕೆಯಾಯಿತು. ಹೊಡೆದುಹಾಕಲಿಲ್ಲ.

ಏಪ್ರಿಲ್ 20, ಭಾನುವಾರ, ಬೆಳಿಗ್ಗೆ 6

ನಿನ್ನೆ ಆದೇಶ ಬಂತು. ಬಲೆ ಹಾಕಬಹುದು! ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ತಪ್ಪು ಯಾರದೆಂಬುದನ್ನೂ. ಅಕ್ಕ ಅಂದಳು, "ಎರಡು ವರ್ಷ ನಿನ್ನ ಭಾವ ಮೂಟೆ ಹೊತ್ರಲ್ಲೇ... ಬಾ ಇಲ್ಲಿ. ದೋಣಿಗೆ ನೀನೇ ಹುಟ್ಟು ಹಾಕು."

ಬಂದಿದ್ದೇನೆ. ದಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೈಗುಳಕ್ಕೆ ಸಿದ್ಧವಾಗಿದ್ದೆ. ಭಾವ ದೋಣಿ ತಳ್ಳುತ್ತ ಹಾಡುತ್ತಿದ್ದಾರೆ — ಶ್ರುತಿಯಿಲ್ಲ, ತಾಳವಿಲ್ಲ, ಕೇಳಿ ಕಣ್ಣು ತುಂಬಿತು. ನನಗೆ ಈಜು ಬಾರದೆಂದು ಇಬ್ಬರಿಗೂ ಗೊತ್ತು. ಅದಕ್ಕೇ ಇಷ್ಟು ಖುಷಿ.

"ಬರ್ದಿದ್ದು ಸಾಕು, ಹತ್ತೇ!"

ಹತ್ತುತ್ತಿದ್ದೇನೆ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ಇನ್ನೂ —