ಬದ್ರಿಯಾ ಮುಳುಗಿದ ದಿನ ಗಾಳಿಯಿರಲಿಲ್ಲ

ಕುಸೈರ್
೭ ಮಾರ್ಚ್ ೨೦೦೯

ನನ್ನ ಕಣ್ಮಣಿ ವಿಸಾಲ್,

ನಿನಗೂ ಮಕ್ಕಳಿಗೂ ಅಮ್ಮನ ಹಾರೈಕೆ. ಇಲ್ಲಿ ಎಲ್ಲ ಕ್ಷೇಮ, ನನ್ನ ಮೊಣಕಾಲೊಂದನ್ನು ಬಿಟ್ಟು. ಬಂದರಿನಲ್ಲಿ ನಿಲ್ಲಿಸುವ ಸ್ಮಾರಕದ ಕಲ್ಲಿಗೆಂದು ನೀನು ಬರೆದ ಒಕ್ಕಣೆಯನ್ನು ಬಸ್ಸಿನ ಡ್ರೈವರ್ ತಂದುಕೊಟ್ಟ. ಓದಿ ಒಪ್ಪಿಗೆ ಹೇಳಬೇಕು, ಗುರುವಾರ ಕೆತ್ತಲು ಕೊಡಬೇಕು ಎಂದಿದ್ದೀಯ. ಎರಡು ಸಲ ಓದಿದೆ, ಕಣ್ಣು ತುಂಬಿತು. ಆದರೆ ಮಗಳೇ, ಹಡಗಿನ ಹೆಸರು, ಸತ್ತವರ ಲೆಕ್ಕ ಬಿಟ್ಟರೆ ಅದರಲ್ಲಿ ಉಳಿದದ್ದೆಲ್ಲ ಕಟ್ಟುಕತೆ.

ಐವತ್ತು ವರ್ಷದ ಹಿಂದೆ ಮೆಕ್ಕಾ ಯಾತ್ರೆ ಮುಗಿಸಿದ ನಮ್ಮೂರಿನವರನ್ನು ಕರೆತರುತ್ತಿದ್ದ ಬದ್ರಿಯಾ ಮುಳುಗಿ ಮೂವತ್ತೊಂದು ಜನ ಸತ್ತರು. ಇದು ನಿಜ. ನಡುರಾತ್ರಿಯ ಬಿರುಗಾಳಿ, ಬೆಟ್ಟದಂಥ ಅಲೆ, ಲಾಂದ್ರ ಎತ್ತಿ ಹಿಡಿದು ನಿಂತಲ್ಲೇ ಮುಳುಗಿದ ಕಪ್ತಾನ ದರ್ದೀರ್, ಇವೆಲ್ಲ ನಿಮ್ಮಪ್ಪನ ಕುಂಚದಿಂದ ಬಂದವು. ಯಾತ್ರೆ ಮಾಡಿದವರ ಮನೆಗೋಡೆಗೆ ಹಡಗು ಬರೆಯುವುದು ಅವರ ಕಸುಬಲ್ಲವೇ? ಕಪ್ತಾನನ ಹೆಂಡತಿ ಅಳುತ್ತಾ ಬಂದು ತನ್ನ ಮನೆಗೋಡೆಗೂ ಬರೆಯಿರೆಂದು ಕೇಳಿದಳು, ಬರೆದುಕೊಟ್ಟರು. ಮಧ್ಯಾಹ್ನ ಮೂರು ಗಂಟೆಗೆ ಮುಳುಗಿದ ಹಡಗಿನಲ್ಲಿ ಲಾಂದ್ರವೇಕೆ ಎಂದು ಮದುವೆಯ ಹೊಸದರಲ್ಲಿ ಕೇಳಿದ್ದೆ. ‘ನಂಗೆ ಕೈಬೆರಳು ಬರೆಯೋಕ್ ಬರಲ್ಲ ಕಣೇ, ಏನಾದ್ರೂ ಹಿಡಿಸ್ಬೇಕಿತ್ತು’ ಎಂದರು ಪುಣ್ಯಾತ್ಮ. ಕೈರೋದ ಪತ್ರಿಕೆಯವನೊಬ್ಬ ಆ ಗೋಡೆಯ ಫೋಟೋ ಹಾಕಿ ಪುಟಗಟ್ಟಲೆ ಬರೆದ. ಈಗ ಡೈವಿಂಗ್‌ಗೆ ಬರುವ ಪ್ರವಾಸಿಗರಿಗೆ ದೋಣಿಯವರು ಅದನ್ನೇ ಹೇಳುತ್ತಾರೆ, ವರ್ಷಕ್ಕೊಂದು ಗೇಣು ಅಲೆಯನ್ನು ಎತ್ತರಿಸುತ್ತಾ.

ಅಂದು ಸಮುದ್ರ ತಟ್ಟೆಯಲ್ಲಿಟ್ಟ ಎಣ್ಣೆಯಂತಿತ್ತು. ಮರದ ಹಡಗು, ಮಿತಿಮೀರಿದ ಜನ, ಮೇಲೆ ಮೆಕ್ಕಾದಿಂದ ತಂದ ಪವಿತ್ರ ಝಮ್‌ಝಮ್ ನೀರಿನ ಡಬ್ಬಿಗಳು. ದಡಕ್ಕೆ ಕೂಗಳತೆ ದೂರ. ನಮ್ಮ ಪದ್ಧತಿ ನಿನಗೆ ಗೊತ್ತು: ಬಂದರಿನ ಕಟ್ಟೆಯ ಮೇಲೆ ಡೋಲು ಬಾರಿಸುತ್ತಾ ಒಬ್ಬೊಬ್ಬ ಯಾತ್ರಿಕರ ಹೆಸರನ್ನೂ ಕೂಗಿ ಹಾಡಬೇಕು, ಹೆಸರು ಕೇಳಿದವರು ಹಡಗಿನ ಅಂಚಿಗೆ ಬಂದು ಕೈಬೀಸಬೇಕು. ಹಾಗೆ ಬಂದವರು ಒಬ್ಬರೂ ಹಿಂದೆ ಸರಿಯಲಿಲ್ಲ. ಹಡಗು ವಾಲುವುದನ್ನು ಕಂಡ ಕಪ್ತಾನ, ನಾವಿಕ ಅವದಲ್ಲಾನನ್ನು ಇದ್ದೊಂದು ಸಣ್ಣ ದೋಣಿಯಲ್ಲಿ ದಡಕ್ಕೆ ಓಡಿಸಿದ. ಅವದಲ್ಲಾ ಏದುಸಿರು ಬಿಡುತ್ತಾ ಕಟ್ಟೆ ಹತ್ತಿ, ಡೋಲು ಬಾರಿಸುತ್ತಿದ್ದ ಹುಡುಗಿಗೆ, ‘ನಿಲ್ಸು, ದಮ್ಮಯ್ಯ ಅಂತೀನಿ, ಹೆಸ್ರು ಕೂಗ್ಬೇಡ, ಎಲ್ರೂ ಒಂದೇ ಕಡೆ ಬರ್ತಿದಾರೆ’ ಎಂದ. ಅವನಿಗೆ ನಿಶ್ಚಯವಾಗಿದ್ದ ಹುಡುಗಿ ಅವಳು. ‘ನನ್ನ ನೋಡೋಕೆ ಇಷ್ಟು ಅವಸರನಾ? ಬೇರೆ ನೆಪ ಸಿಗ್ಲಿಲ್ವಾ?’ ಎಂದು ನಕ್ಕು ಇನ್ನೂ ನಾಲ್ಕು ಹೆಸರು ಕೂಗಿದಳು. ನಾಲ್ಕನೆಯದಕ್ಕೆ ಹಡಗು ಮಗುಚಿತು.

‘ಇದ್ದೊಂದು ದೋಣಿಯನ್ನೂ ಕದ್ದು ಓಡಿದ ಹೇಡಿ’ ಎಂದು ನೀನು ಬರೆದಿರುವುದು ಈ ಅವದಲ್ಲಾನನ್ನೇ. ಹೆಸರು ಹಾಕಿಲ್ಲ, ಆದರೆ ಊರಿಗೆ ಗೊತ್ತಲ್ಲ. ಆ ಹುಡುಗಿ ಬಾಯಿ ಬಿಡಲಿಲ್ಲ, ಅವನೂ ಅವಳ ಹೆಸರೆತ್ತಲಿಲ್ಲ. ನಿಶ್ಚಯ ಮುರಿಯಿತು, ಮತ್ತೆ ಯಾರೂ ಹೆಣ್ಣು ಕೊಡಲಿಲ್ಲ. ಕಾಫಿ ಅಂಗಡಿಯಲ್ಲಿ ಅವನ ಸಲಾಮಿಗೆ ಯಾರೂ ಮರುಸಲಾಮು ಹೇಳುವುದಿಲ್ಲ. ಎಪ್ಪತ್ತೆರಡಾಯಿತು, ಒಬ್ಬನೇ ಕೂತು ಬಲೆ ಹೆಣೆಯುತ್ತಾನೆ. ಬಾಯಿಮಾತಿನ ಅಪವಾದವಾದರೆ ಅವನ ಜೊತೆಗೇ ಮಣ್ಣಾದೀತು. ಕಲ್ಲಿನಲ್ಲಿ ಕೆತ್ತಿದ್ದು ಹೋಗುತ್ತದೆಯೇ?

ಮೊನ್ನೆ ಅವನ ಮನೆಗೆ ಹೋಗಿ ನಿನ್ನ ಒಕ್ಕಣೆ ಓದಿ ಹೇಳಿದೆ. ಬಲೆಯಿಂದ ಕಣ್ಣೆತ್ತದೆ, ‘ಬಿರುಗಾಳಿ ಅಂತ್ಲೇ ಇರ್ಲಿ ಬಿಡು, ವಿಸಾಲ್ ತಾಯಿ. ಗಾಳಿ ಮೇಲೆ ಹಾಕಿದ್ರೆ ಯಾರ ಮನೆ ಹೆಣ್ಮಕ್ಳಿಗೂ ನೋವಿಲ್ಲ’ ಎಂದ. ಚಹಾ ಕೊಟ್ಟ. ನಾಲ್ಕು ಚಮಚ ಸಕ್ಕರೆ ಹಾಕಿದ್ದ, ನನಗೆ ಹಾಗೇ ಇಷ್ಟವೆಂದು ಅವನಿಗೆ ಇನ್ನೂ ನೆನಪಿದೆ. ಅರ್ಧ ಲೋಟ ಹಾಗೇ ಬಿಟ್ಟು ಎದ್ದು ಬಂದೆ.

ಆದ್ದರಿಂದ ಒಕ್ಕಣೆ ಬದಲಿಸು. ಸಮುದ್ರ ಶಾಂತವಾಗಿತ್ತೆಂದು ಬರೆ. ಅವದಲ್ಲಾನನ್ನು ಕಪ್ತಾನನೇ ಕಳಿಸಿದನೆಂದು ಅವನ ಪೂರ್ತಿ ಹೆಸರು ಹಾಕಿ ಬರೆ. ಇದರಿಂದ ಕಪ್ತಾನನ ಮಾನಕ್ಕೇನೂ ಕುಂದಿಲ್ಲ, ಅವನು ಕೊನೆಯವರೆಗೂ ಜನರನ್ನು ಹಿಂದೆ ತಳ್ಳುತ್ತಲೇ ಇದ್ದ. ನಿಮ್ಮಪ್ಪನ ಲಾಂದ್ರ ಗೋಡೆಯ ಮೇಲೇ ಇರಲಿ, ಅಲ್ಲಿ ಅದು ಚೆಂದ.

ನಿನ್ನ ದಾರಿ ಕಾಯುವ ಅಮ್ಮ,
ರತೀಬಾ

ಮರೆತ ಮಾತು: ಇದಕ್ಕೆಲ್ಲ ಸಾಕ್ಷಿ ಯಾರೆಂದು ಸ್ಮಾರಕ ಸಮಿತಿಯವರು ಕೇಳಿದರೆ ಈ ಕಾಗದ ತೋರಿಸು. ನಿನ್ನ ಮದುವೆಯಲ್ಲಿ ನಾನು ಡೋಲು ಮುಟ್ಟಲಿಲ್ಲವೆಂದು ಎರಡು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ ನೀನು. ಅಂದು ಬಾರಿಸಿದವಳು ನಾನೇ. ನಾಲ್ಕನೆಯ ಹೆಸರು ನಿನ್ನ ಅಜ್ಜಿಯದು, ನನ್ನ ಅಮ್ಮನದು. ಗುಂಪಿನ ಹಿಂದೆಲ್ಲೋ ಇದ್ದಳು. ನನ್ನ ದನಿ ಗುರುತು ಹಿಡಿದು, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.