ತಾರಸಿಯ ಆಂಟೆನಾ ಇಳಿಯುವ ಮುನ್ನ

ವರ್ತೂರು
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಭುವಿಗೆ,

ವರ್ತೂರಿನ ಸಮಸ್ತ ಮಹಾಜನತೆಗೂ, ಕೆರೆಯ ನೊರೆಗೂ, ಅದರಾಚೆ ನಿಂತ ಇಪ್ಪತ್ತು ಮಹಡಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ತಾರಸಿಯ ಮೇಲೆ ಮೂವತ್ತೆಂಟು ವರ್ಷ ನಿಂತಿದ್ದ ಟಿವಿ ಆಂಟೆನಾ ಇದೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸೇವೆಯಿಂದ ನಿವೃತ್ತಿ ಹೊಂದಲಿದೆ. ಹಾರ ತುರಾಯಿ ಇರುವುದಿಲ್ಲ. ಈಚೆಗೆ ಕಾಗೆಗಳಿಗೆ ಕೂರಲು ಜಾಗ ಕೊಟ್ಟಿದ್ದು ಬಿಟ್ಟರೆ ಅದು ಬೇರೇನೂ ಮಾಡಿಲ್ಲ.

ಪತ್ರ ತಡವಾಯಿತು. ಸಿನಿಮಾ ಮಧ್ಯೆ ಟಿವಿಯವರು ‘ಅಡಚಣೆಗಾಗಿ ಕ್ಷಮಿಸಿ’ ಅಂತ ಬೋರ್ಡು ಹಾಕಿ ಕೂತುಬಿಡುತ್ತಿದ್ದರಲ್ಲ, ನಾನೂ ಒಂದು ತಿಂಗಳಿಂದ ಹಾಗೇ ಕೂತಿದ್ದೆ. ಸಿಂಗಸಂದ್ರದ ನಿನ್ನ ಮನೆಗೆ ಫೋನು ಮಾಡಬಹುದಿತ್ತು ಅಂತೀಯ. ಮಾಡಿದ್ದರೆ ಟ್ರಾಫಿಕ್ಕಿನ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದೆ. ವಾಟ್ಸಾಪಿನಲ್ಲಿ ನೀಲಿ ಗೆರೆ ಬರುತ್ತೆ. ನೀನು ಓದಿ ಸುಮ್ಮನಿದ್ದದ್ದು ಗೊತ್ತಾಗಿಬಿಡುತ್ತೆ. ಅಂಚೆಯಣ್ಣನಿಗೆ ಆ ಕೆಟ್ಟ ಬುದ್ಧಿ ಇಲ್ಲ.

ತಮ್ಮನ ಮಗ ಲಿಖಿತ್ ಮೇಲೊಂದು ಅಂತಸ್ತು ಎಬ್ಬಿಸುತ್ತಿದ್ದಾನೆ. “ಅತ್ತೆ, ಈ ಪೈಪು ಗುಜರಿಗೆ ಹಾಕ್ಲಾ?” ಅಂದ. “ಮುಟ್ಟಿದ್ರೆ ನೋಡು!” ಅಂತ ಕಿರುಚಿದೆ. ಹುಡುಗ ಬೆಚ್ಚಿಬಿದ್ದು, “ಭಾನುವಾರದವರೆಗೂ ಟೈಮು ಅತ್ತೆ, ಆಮೇಲೆ ಕೆಲಸದವರು ಬರ್ತಾರೆ” ಅಂದ, ನೋಟೀಸು ಅಂಟಿಸಲು ಬಂದವನ ಹಾಗೆ.

ನೆನಪಿದೆಯೇನೇ? ಟಿವಿ ಬರುವ ಮುಂಚೆ ನಮ್ಮಪ್ಪನ ರೇಡಿಯೋ ಇತ್ತು. ಸೆಲ್ಲು ಇಳಿದರೆ ರಾಗಿ ಜೊತೆ ಅದನ್ನೂ ಬಿಸಿಲಿಗೆ ಹರಡುತ್ತಿದ್ದೆವು. ಪ್ರದೇಶ ಸಮಾಚಾರದ ಹೊತ್ತಿಗೆ ಎಮ್ಮೆ ಕೂಗಿದರೂ ಅಪ್ಪ ನಮ್ಮನ್ನೇ ಗದರುತ್ತಿದ್ದ. ಆಮೇಲೆ ಟಿವಿ ಬಂತು, ಭಾನುವಾರ ಸಂಜೆ ಅರ್ಧ ಬೀದಿಯೇ ನಡುಮನೆಗೆ ಬಂತು. ನೀನು ಪಕ್ಕದ ಮನೆಯಿಂದ ಓಡಿಬಂದು ಏಣಿ ಹತ್ತಿ ಆಂಟೆನಾ ತಿರುಗಿಸೋದು, ನಾನು ಹೊರಗೆ ಕಿಟಕಿಯ ಹತ್ತಿರ ನಿಂತು, ಒಳಗೆ ಚಿತ್ರ ಬಂತೋ ಇಲ್ಲವೋ ನೋಡಿ ಕೂಗೋದು. ಸೌಂಡು ಹೇಗಿದ್ದರೂ ಬರುತ್ತಿತ್ತು, ತಾಪತ್ರಯವೆಲ್ಲ ಚಿತ್ರದ್ದು.

“ಬಂತಾ?”

“ಬರೀ ಇರುವೆ ಕಣೇ! ಇನ್ನೂ ತಿರುಗ್ಸು!”

ತಿರುಗಿಸಿದವಳಿಗೆ ನಮ್ಮಪ್ಪನ ಪಕ್ಕ ಮುಂದಿನ ಚಾಪೆ. ಕೂಗಿದವಳಿಗೆ ಬಾಗಿಲ ಹತ್ತಿರ, ಚಪ್ಪಲಿಗಳ ಮಧ್ಯೆ. ಇದು ನಮ್ಮ ಮನೆಯ ಸಂವಿಧಾನ.

ಆಮೇಲಿನದು ನಿನಗೇ ಗೊತ್ತು. ಗೋಡೆಯಿಲ್ಲದ ತಾರಸಿ, ಅಂಚಿಗೆ ಹೋದ ಕಾಲು, ಕೆಳಗೆ ಕೊಟ್ಟಿಗೆ. ಪುತ್ತೂರಿಗೆ ಹೋಗಿ ಮೂಳೆಗೆ ಕಟ್ಟು ಕಟ್ಟಿಸಿದರೂ ಎಡಗೈ ನೆಟ್ಟಗಾಗಲಿಲ್ಲ. ಥ್ರೋಬಾಲ್ ಟೀಮಿನಿಂದ ನಿನ್ನ ಹೆಸರು ಹೊಡೆದರು. ಕೈ ಮುರಿದುಕೊಂಡು ಬಂದವಳಿಗೆ ನಿಮ್ಮಪ್ಪ ಎರಡು ಬಿಗಿದ ಸದ್ದು ನಮ್ಮ ಮನೆಗೂ ಕೇಳಿಸಿತ್ತು.

ಹೋದ ತಿಂಗಳು ನಿನ್ನ ಮಗಳ ಸೀಮಂತದಲ್ಲಿ ನಮ್ಮಮ್ಮ ಕೃಷ್ಣಮ್ಮನವರು ಬೀಗರ ಮುಂದೆ ಈ ಪುರಾಣ ತೆಗೆದರಲ್ಲ. ಇಷ್ಟು ವರ್ಷ “ಕುಣೀತಿತ್ತು, ಬಿತ್ತು” ಅಂತ ಮುಗಿಸುತ್ತಿದ್ದವಳು ಆವತ್ತು ಹೊಸದೊಂದು ಸೇರಿಸಿದಳು: “ಟೀವೀಲಿ ಬೊಂಬೆ ಬಂದು ಹಾಡೂ ಸುರುವಾಗಿತ್ತು ಕಣ್ರವ್ವ. ಆದ್ರೂ ಈ ಕೋತಿ ಇಳೀಬೇಕಲ್ಲ!”

ಬೀಗಿತ್ತಿ ನಕ್ಕರು. ನೀನೂ ನಕ್ಕೆ. “ನಂದೇ ತಪ್ಪು ಬಿಡಿ ಅತ್ತೆ” ಅಂದೆ. ಅಂದು, ನನ್ನ ಕಡೆ ನೋಡಿದೆ. ಒಂದೇ ಕ್ಷಣ. ನಾನು ಹೋಳಿಗೆಯಲ್ಲಿ ಕಲ್ಲು ಹುಡುಕುವವಳ ಹಾಗೆ ಎಲೆ ನೋಡುತ್ತಾ ಕೂತೆ. ಆಮೇಲೆ ನಿನ್ನ ಫೋನು ಬಂದಿಲ್ಲ. ನೀನು ಬಾಣಂತನದ ತಯಾರಿಯಲ್ಲಿದ್ದೀಯ ಅಂತ ಹಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನಿನ್ನ ಮಗಳಿಗೆ ಸುಖವಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸಿಗೆ ನಿನ್ನ ಧೈರ್ಯ ಬರಲಿ, ಗೆಳತಿ ಮಾತ್ರ ನನಗಿಂತ ಒಳ್ಳೆಯವಳು ಸಿಗಲಿ.

ನಿನ್ನ
ಶೋಭಾರಾಣಿ

ಬಿಟ್ಟುಹೋದದ್ದು: ಚಿತ್ರ ಬಂದಿತ್ತು, ಭುವಿ. ಒಂದು ಇರುವೆಯೂ ಇಲ್ಲದೆ ಬಂದಿತ್ತು. ನೀನು ಮೂರು ಸಲ “ಬಂತಾ?” ಅಂದೆ, ಮೂರು ಸಲವೂ ನಾನು “ಇಲ್ಲ, ಇನ್ನೂ ಆ ಕಡೆ” ಅಂದೆ. ಅವತ್ತೊಂದು ದಿನ ನಮ್ಮಪ್ಪನ ಪಕ್ಕ ನೀನು ಕೂರೋದು ನನಗೆ ಬೇಡವಾಗಿತ್ತು, ಅಷ್ಟೇ. ಬೀಳುತ್ತೀಯ ಅಂತ ಅಂದುಕೊಂಡಿರಲಿಲ್ಲ. ಬಿದ್ದ ಮೇಲೆ ಹೇಳುವ ಧೈರ್ಯ ಬರಲಿಲ್ಲ.

ನಿನ್ನೆ ಅಮ್ಮನಿಗೆ ಹೇಳಿದೆ. ಅಡಿಕೆ ಕುಟ್ಟುತ್ತಿದ್ದವಳು ನಿಲ್ಲಿಸಿದಳು. “ಮೂವತ್ತೇಳು ವರ್ಸ ಆ ಮಗೀನ ನನ್ನ ಬಾಯಲ್ಲಿ ಬೈಸ್ದೇನೇ?” ಅಂದಳು. ಅಷ್ಟೇ. ಇವತ್ತು ತನ್ನ ಕಾಫಿ ತಾನೇ ಕಾಸಿಕೊಂಡಳು.

ಆಂಟೆನಾ ಪೈಪಿನ ಬುಡ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಗ್ಯಾಸ್ ಕಟರ್ ತರ್ತೀನಿ ಅಂತಾನೆ ಲಿಖಿತ್. ಅದನ್ನು ಕೊಯ್ಯೋದು ನನಗಿಷ್ಟವಿಲ್ಲ, ಬಿಚ್ಚಿಯೇ ಇಳಿಸಬೇಕು. ನಿಮ್ಮ ಯಜಮಾನರು ನಲ್ಲಪ್ಪನವರ ಪಂಪಿನ ಅಂಗಡಿಯಲ್ಲಿ ದೊಡ್ಡ ಪೈಪ್ ರೆಂಚು ಇರಬೇಕಲ್ಲ, ಭಾನುವಾರ ಹತ್ತರೊಳಗೆ ಅದನ್ನು ತರ್ತೀಯಾ? ಬರೋಕೆ ಮನಸ್ಸಿಲ್ಲದಿದ್ದರೆ ಯಾರ ಕೈಲಾದರೂ ಕಳಿಸು.