ನೂರ ಹನ್ನೆರಡನೆಯ ಪುಟ

ಮಾರ್ಚ್ ೫

ಇವತ್ತೂ ಎರಡು ಗಂಟೆ ಓದು, ಅದೇ ನೀಲಿ ರಟ್ಟಿನ ಪುಸ್ತಕ. ಯಜಮಾನಿಗೆ ಕಣ್ಣು ಮಂಜು. ಕವಿತೆ ಓದಿ ಹೇಳುವುದು ನನ್ನ ಕೆಲಸ. ಎಂ.ಎ. ಮಾಡಿದ್ದಕ್ಕೆ ಸಿಕ್ಕಿದ್ದು ಈ ಕುರ್ಚಿ, ಗ್ಯಾರೇಜಿನ ಮೇಲೊಂದು ಕೋಣೆ. ಬಿಟ್ಟರೆ ಬೇರೆ ಸೂರಿಲ್ಲ. ಓದು ಮುಗಿದು ನಾನು ಏಳುವಷ್ಟರಲ್ಲಿ ಅವರೇ ಪುಟಕ್ಕೆ ಗುರುತಿಡುತ್ತಾರೆ. ಹೇರ್‌ಪಿನ್, ಮಾತ್ರೆಯ ಖಾಲಿ ಪಟ್ಟಿ, ಕೈಗೆ ಸಿಕ್ಕಿದ್ದು. ಬೆರಳಿಗೆ ತಿಳಿಯಬೇಕಂತೆ.

ಅಡುಗೆಯಾಕೆ ನೀರು ತಂದಿಟ್ಟಳು. "ಟೀಚರಮ್ಮ, ಪದ್ಯದಿಂದ ಹೊಟ್ಟೆ ತುಂಬಿದ್ರೆ ಹೇಳಿ, ಒಲೆ ಆರಿಸಿಬಿಡ್ತೀನಿ." ಯಜಮಾನಿಯೂ ನಕ್ಕರು.

ಮಾರ್ಚ್ ೬

ವಜ್ರದುಂಗುರ ಕಾಣೆ. ಯಜಮಾನಿಯ ಬೆರಳಲ್ಲಿ ಬಿಳಿ ಗೆರೆ ಮಾತ್ರ. ಅಡುಗೆಯಾಕೆಯ ಚೀಲ ಮೇಜಿನ ಮೇಲೆ ಸುರಿದರು... ಬಾಚಣಿಗೆ, ಒಂದು ಹಳೆಯ ಸೀರೆ, ಮಗಳ ಹಾಲ್‌ ಟಿಕೆಟ್ಟಿನ ಜೆರಾಕ್ಸ್.

"ಹನ್ನೊಂದು ವರ್ಷ ನಿಮ್ಮನೆ ಅನ್ನ ತಿಂದಿದೀನಿ, ಅಮ್ಮಾವ್ರೇ."

"ಉಂಡ ಮನೆಗೇ ಎರಡು ಬಗೆದೆಯಲ್ಲೇ."

ಕೆಲಸದಿಂದ ತೆಗೆದರು. ಐದು ದಿನದೊಳಗೆ ಉಂಗುರ ಕೊಡದಿದ್ದರೆ ಪೊಲೀಸ್.

ನನ್ನ ಚೀಲ ಯಾರೂ ಮುಟ್ಟಲಿಲ್ಲ. ನನಗೆ ಸಮಾಧಾನವಾಯಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ ೭

ಉಂಗುರ ಸಿಕ್ಕಿತು. ನೀಲಿ ಪುಸ್ತಕದಲ್ಲಿ, ನೂರ ಹನ್ನೆರಡನೆಯ ಪುಟದ ಸಂದಿಯಲ್ಲಿ. ಮೊನ್ನೆಯ ಗುರುತು!

ಯಜಮಾನಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಕರೆಯಲು ಬಾಯಿ ತೆರೆದೆ. ಆಗ ಹೊಳೆಯಿತು — ಅವರನ್ನು ಬಿಟ್ಟರೆ ಈ ಪುಸ್ತಕ ಮುಟ್ಟುವವಳು ನಾನೊಬ್ಬಳೇ. "ಕದ್ದು, ಹೆದರಿ, ಇಲ್ಲಿಟ್ಟೆ" ಎಂದುಬಿಟ್ಟರೆ?

ಪುಸ್ತಕ ಮುಚ್ಚಿದೆ.

ಮಾರ್ಚ್ ೧೦

ಎರಡು ದಿನ ಬರೆಯಲಾಗಲಿಲ್ಲ. ಯಜಮಾನಿ ದಿನವೂ ಬೇರೆ ಪುಸ್ತಕವನ್ನೇ ಕೇಳುತ್ತಿದ್ದಾರೆ.

ಗೇಟಿನ ಹೊರಗೆ ಅಡುಗೆಯಾಕೆ. "ಮಗಳ ಪರೀಕ್ಷೆ ನಾಡಿದ್ದು. ಪೊಲೀಸರು ಮನೆಗೆ ಬಂದ್ರೆ ಆ ಹುಡುಗಿ ಏನು ಬರೀತಾಳೆ? ಓದಿದವರು ನೀವು, ನೀವಾದ್ರೂ ಒಂದು ಮಾತು ಹೇಳಿ."

"ಹೇಳ್ತೀನಿ."

ಹೇಳಲಿಲ್ಲ.

ಮಾರ್ಚ್ ೧೧, ಬೆಳಿಗ್ಗೆ ೧೦.೩೦

"ನೀಲಿ ಪುಸ್ತಕ ತೆಗಿಯಮ್ಮ. ನೂರ ಹನ್ನೆರಡು."

ಪುಟ ತೆರೆದೆ. ಉಂಗುರ ಜಾರಿ ಮೇಜಿನ ಮೇಲೆ ಬಿತ್ತು. ಅವರು ತಡವರಿಸಲಿಲ್ಲ, ನೇರ ಅದರ ಮೇಲೇ ಬೆರಳಿಟ್ಟರು.

"ಅವತ್ತು ನೀನು ಪುಸ್ತಕ ಮುಚ್ಚಿದ ಸದ್ದು ಕೇಳಿಸ್ತು. ನಂಗೆ ನಿದ್ದೆ ಬಂದಿರ್ಲಿಲ್ಲ."

"ಅಮ್ಮಾವ್ರೇ... ನಿಮಗೆ ಗೊತ್ತಿತ್ತಾ?"

"ಮೊದಲು ಮರೆತಿದ್ದೆ. ಆ ಸದ್ದಿಗೆ ನೆನಪಾಯ್ತು. ನೀನು ಸುಮ್ಮನಿದ್ದೆ, ನಾನೂ ಸುಮ್ಮನಾದೆ. ಮನೆಯೆಲ್ಲ ಹುಡುಕಿಸಿ, ಅವಳ ಚೀಲ ಸುರಿಸಿ, ಈಗ ಅವಳ ಹತ್ರ ತಪ್ಪಾಯ್ತು ಅನ್ಲಾ ನಾನು?" ನನ್ನ ಮಣಿಕಟ್ಟು ಹಿಡಿದರು. ಬೆಚ್ಚಗಿನ, ಮೆತ್ತನೆಯ ಕೈ. "ಹೆದರಬೇಡ. ಈಗ ನೀನೂ ನಮ್ಮ ಪೈಕಿ."

ಉಂಗುರವನ್ನು ಮತ್ತೆ ಅದೇ ಪುಟದಲ್ಲಿಟ್ಟರು. "ಹನ್ನೆರಡಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಕಂಪ್ಲೇಂಟ್ ನೀನೇ ಬರಿ. ನಿನ್ನ ಅಕ್ಷರ ಮುದ್ದಾಗಿದೆಯಂತೆ."

೧೧.೫೫

ನನ್ನ ಕೋಣೆಯಲ್ಲಿದ್ದೇನೆ. ಕಂಪ್ಲೇಂಟಿನ ಬಿಳಿ ಹಾಳೆ ಹಾಗೇ ಇದೆ. ಬರೆದದ್ದೆಲ್ಲ ಈ ಡೈರಿಯಲ್ಲಿ. ನೀಲಿ ಪುಸ್ತಕವೂ ಉಂಗುರದ ಸಮೇತ ನನ್ನ ಮಡಿಲಲ್ಲೇ ಇದೆ.

ಇದಿಷ್ಟನ್ನೂ ಹರಿದು ಇನ್ಸ್‌ಪೆಕ್ಟರ್ ಕೈಗೆ ಕೊಡಬೇಕು, ಏಳನೆಯ ತಾರೀಖನ್ನೂ ಸೇರಿಸಿ. ಅದರಲ್ಲಿ ಕಳ್ಳಿ ನಾನೇ. ಇರಲಿ. ಕೋಣೆ ಹೋಗಲಿ.

ಗೇಟು ತೆರೆದ ಸದ್ದು. ಕೆಳಗಿನಿಂದ ಯಜಮಾನಿ ಕೂಗುತ್ತಿದ್ದಾರೆ — "ಬರೆದು ಆಯ್ತೇನಮ್ಮಾ?"

ಆಯ್ತು. ಇನ್ನು ಮೆಟ್ಟಿಲು ಇಳಿಯುತ್ತೇನೆ.